ಮೂವತ್ಮೂರು ಅಂಕ ದಯಪಾಲಿಸಿದ ಇತಿಹಾಸದ ಮೌಲ್ಯಮಾಪಕರಿಗೆ

ಮಾನ್ಯ ಮೌಲ್ಯಮಾಪಕರೇ,

ತಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆದರೂ ತಮ್ಮ ಪಾಂಡಿತ್ಯಕ್ಕೂ ತಾಳ್ಮೆಗೂ ಹೆಬ್ಬಗೋಡಿಯ ಎರಡನೇ ಮಹಡಿಯ ಬಾಡಿಗೆ ರೂಮಿನಿಂದ ಅನಂತ ನಮಸ್ಕಾರಗಳು. ನಾನು ಭಾಗ್ಯಶ್ರೀ, ಕುಷ್ಟಗಿ ಕಡೆಯವಳು, ಇಲ್ಲಿನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತ ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿರುವವಳು. ಉಳಿದೆಲ್ಲ ಪೇಪರು ಪಾಸಾಗಿ, 'ಅಮೆರಿಕ ಮತ್ತು ಪಾಶ್ಚಾತ್ಯ ಜಗತ್ತಿನ ಇತಿಹಾಸ' ಒಂದರಲ್ಲಿ ಮಾತ್ರ ಮೂವತ್ತೈದಕ್ಕೆ ಎರಡು ಅಂಕ ಕಡಿಮೆ ಬಿದ್ದಿದೆ. "ಡಿಗ್ರಿ ತಗೊಂಡ್ ಬಾಮ್ಮ, ಸೂಪರ್‌ವೈಸರ್ ಮಾಡ್ಬಿಡ್ತೀನಿ" ಎಂದಿರುವ ನಮ್ಮ ಮ್ಯಾನೇಜರ್ ಶಿವಶಂಕರ್ ಸಾರ್, ಆ ಜಾಗವನ್ನು ಈ ತಿಂಗಳ ಕೊನೆಯವರೆಗಷ್ಟೇ ಖಾಲಿ ಇಡುತ್ತಾರಂತೆ.

ಮೊದಲಿಗೆ ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ರೂಮಿನಲ್ಲಿ ನಾನು, ಗೌರಿ, ಮಹಾದೇವಿ ಹೀಗೆ ಮೂವರಿದ್ದೇವೆ. ಮೂವರಿಗೂ ಅದೇ ಪರೀಕ್ಷೆ, ಮೂವರಿಗೂ ಬೇರೆ ಬೇರೆ ಶಿಫ್ಟು, ಗೈಡು ಮಾತ್ರ ಒಂದೇ. ಒಬ್ಬಳು ಅದನ್ನು ಡ್ಯೂಟಿಗೆ ಒಯ್ದರೆ ಉಳಿದಿಬ್ಬರು ಗೋಡೆ ನೋಡುತ್ತ ಕೂರಬೇಕಾಗಿದ್ದರಿಂದ, ಗೈಡನ್ನು ಮೂರು ಭಾಗವಾಗಿ ಹರಿದು, ಪಿನ್ನು ಹೊಡೆದು, ಭಾನುವಾರಕ್ಕೊಮ್ಮೆ ಅದಲುಬದಲು ಮಾಡಿಕೊಳ್ಳುವುದೆಂದು ತೀರ್ಮಾನಿಸಿದೆವು. ಪರೀಕ್ಷೆಗೆ ಮುಂಚಿನ ಎರಡು ಭಾನುವಾರವೂ ಓಟಿ ಬಂತು, ಅದಲುಬದಲು ನಡೆಯಲೇ ಇಲ್ಲ. ಹೀಗಾಗಿ ಫ್ರಾನ್ಸಿನಲ್ಲಿ ಯಾರ ತಲೆ ಯಾವ ದಿನ ಹೋಯಿತೆಂಬುದು ಗೌರಿಗೆ ಬಾಯಿಪಾಠ, ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದಲ್ಲಿಂದ ಹಿಡಿದು ಅಂತರ್ಯುದ್ಧದ ಮೊದಲ ತೋಪು ಹಾರುವವರೆಗೆ ನನಗೆ ಬಾಯಿಪಾಠ, ಅಲ್ಲಿಂದಾಚೆಯದೆಲ್ಲ ಮಹಾದೇವಿಯ ವಶ. ಮೂವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದರೆ ದೇಶಕ್ಕೆ ಒಬ್ಬ ಪರಿಪೂರ್ಣ ಪದವೀಧರೆ ಸಿಗುತ್ತಿದ್ದಳು, ಆದರೆ ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲವಂತೆ.

ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬಂದ ಪ್ರಶ್ನೆ, 'ಅಂತರ್ಯುದ್ಧದ ನಂತರ ಬಿಡುಗಡೆ ಹೊಂದಿದ ಗುಲಾಮರ ಸ್ಥಿತಿಗತಿಯನ್ನು ವಿವರಿಸಿ.' ಯುದ್ಧ ಶುರುವಾದದ್ದಷ್ಟೇ ಗೊತ್ತಿದ್ದ ನಾನು, ಅಯ್ಯೋ ಶಿವನೇ, ಕೆಟ್ಟೆನಲ್ಲಾ ಎಂದು ಪೆನ್ನು ಕಚ್ಚುತ್ತ ಕೂತಿದ್ದಾಗ ನಮ್ಮ ತಾಯಿಯ ತಂದೆಯ ನೆನಪಾಯಿತು. ಅಜ್ಜ ಊರ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಜೀತ ರದ್ದಾಯಿತೆಂದು ಸರ್ಕಾರದವರು ಬಂದು ಹೇಳಿಹೋದ ಮರುದಿನ ಬೆಳಿಗ್ಗೆಯೇ ಅವನು ಅದೇ ಗೌಡರ ಹೊಲಕ್ಕೆ ಹೋಗಿ ನಿಂತನಂತೆ, ಯಾಕೆಂದು ಕೇಳಿದವರಿಗೆ "ಬಿಟ್ರು ಅಂದ್ರ ಎಲ್ಲಿಗಿ ಹೋಗ್ಲಿ? ನನಗೇನ್ ಹೊಲಾ ಐತೇನು?" ಎನ್ನುತ್ತಿದ್ದನಂತೆ. ಅದನ್ನು ನೆನೆದೇ ನಾನು ಬರೆದೆ: ಬಿಡುಗಡೆ ಸಿಕ್ಕಿತು, ಭೂಮಿ ಸಿಗಲಿಲ್ಲ, ಹಾಗಾಗಿ ಬಹಳ ಜನ ಹಳೆಯ ಒಡೆಯರ ಹೊಲಗಳಲ್ಲೇ ಪಾಲಿಗೆ ದುಡಿಯಬೇಕಾಯಿತು, ನಮ್ಮ ಅಜ್ಜನ ಪಾಡೂ ಹೀಗೇ ಆಗಿತ್ತು. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದರೆ ಎರಡು ಪುಟಕ್ಕೂ ಅಡ್ಡಗೆರೆ, ಕೆಳಗೊಂದು ಸೊನ್ನೆ, ಪಕ್ಕದಲ್ಲಿ 'ಸ್ವಂತ ಕಥೆ ಬೇಡ' ಎಂಬ ತಮ್ಮ ಷರಾ.

ಆಮೇಲೆ ಮಹಾದೇವಿಯ ಭಾಗವನ್ನು ತೆಗೆದು ನೋಡಿದೆ. ನೂರಹನ್ನೆರಡನೇ ಪುಟದಲ್ಲಿ ನಾನು ಬರೆದದ್ದೇ ಅಚ್ಚಾಗಿ ಕೂತಿದೆ, ಅಜ್ಜನೊಬ್ಬನನ್ನು ಬಿಟ್ಟು. ಅವಳೂ ತನ್ನ ಉತ್ತರ ಪತ್ರಿಕೆ ತರಿಸಿದ್ದಳು, ಅದನ್ನು ಒಂದಕ್ಷರ ಬಿಡದೆ ಇಳಿಸಿದ ಅವಳಿಗೆ ಎಂಟು ಅಂಕ. ಒಂದೇ ಮಾತು ಗೈಡಿನಿಂದ ಬಂದರೆ ಇತಿಹಾಸ, ಅಜ್ಜನಿಂದ ಬಂದರೆ ಕಥೆ ಎಂಬ ಸೂಕ್ಷ್ಮವನ್ನು ಒಂದೇ ಒಂದು ಸೊನ್ನೆಯಲ್ಲಿ ತಿಳಿಸಿಕೊಟ್ಟ ತಮ್ಮ ಬೋಧನಾಶಕ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ಹೊಟ್ಟೆ ಉರಿಯುತ್ತಿದೆ ಮಾನ್ಯರೇ, ಮುಚ್ಚುಮರೆ ಯಾಕೆ?

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ್ದೇನೆ. ಅದು ತಿರುಗಿ ತಮ್ಮ ಕೈಗೇ ಬಂದಲ್ಲಿ, ದಯವಿಟ್ಟು ನಮ್ಮ ಅಜ್ಜನನ್ನು ಹಿಂದಿನ ತಾರೀಖಿನಿಂದ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿಸಿ, ಅವನ ಕೈಯಲ್ಲಿ ಜೋಳದ ಬದಲು ಹತ್ತಿ ಬಿತ್ತಿಸಿ, ಗೈಡಿನಲ್ಲಿ ಅವನಿಗೊಂದು ಪುಟ ಸಂಖ್ಯೆ ಮಂಜೂರು ಮಾಡಿಸಬೇಕಾಗಿ ಕೋರುತ್ತೇನೆ. ಹಾಗೆಯೇ, ಮುಂದೆ ಯಾವ ದೇಶದವರೇ ಯುದ್ಧ ಹೂಡಿದರೂ ಅದರ ಕಾರಣ, ಪರಿಣಾಮ ಎರಡನ್ನೂ ಒಂದೇ ಪಿನ್ನಿನೊಳಗೆ ಮುಗಿಸತಕ್ಕದ್ದೆಂದು ಒಂದು ಸುತ್ತೋಲೆಯನ್ನೂ ಹೊರಡಿಸಿಬಿಡಿ. ಇವೆಲ್ಲ ತಮ್ಮ ಅಧಿಕಾರವ್ಯಾಪ್ತಿಗೆ ಮೀರಿದ್ದಾದರೆ, ಬರೀ ಎರಡು ಅಂಕ ಸಾಕು.

ಫೇಲಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಭಾಗ್ಯಶ್ರೀ

ತಾ.ಕ.: ಆ ಎರಡು ಪುಟಗಳನ್ನು ಊರಿನಲ್ಲಿರುವ ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ, ಸೊನ್ನೆಯ ಸಂಗತಿ ಮಾತ್ರ ಎತ್ತಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಖರೇನ ಬರದೀ. ನಮ್ಮಪ್ಪನ ಹೆಸರು ಯಾಕ ಬರೀಲಿಲ್ಲ?" ಎಂದಳು. ಈ ತಪ್ಪು ಮಾತ್ರ ಪೂರ್ತಿ ನನ್ನದೇ. ಅವನ ಹೆಸರು ದುರುಗಪ್ಪ. ತಮ್ಮ ಷರಾದ ಪಕ್ಕ ಇನ್ನೂ ಜಾಗವಿದೆ, ದಯವಿಟ್ಟು ಬರೆದುಕೊಳ್ಳಿ. ಅದಕ್ಕೆ ಅಂಕ ಕೊಡಬೇಕಾಗಿಲ್ಲ.