ಹೊಸ್ತಿಲ ಹಿಟ್ಟಿನಲ್ಲಿ ಮೂಡಿದ ಹೆಜ್ಜೆ

ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂಬುದು ಈ ವಯಸ್ಸಿನಲ್ಲೂ ನನಗೆ ತಿಳಿದಿಲ್ಲ. ಹಾಗಾಗಿ ತಿಂಡಿ ಒಯ್ಯುತ್ತೇನೆ. ಅಂಥ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ನೋಡಿಕೊಳ್ಳಬೇಕು ಎಂದು ನಮ್ಮಜ್ಜಿ ಕಲಿಸಿದ್ದು ಮಂಡ್ಯದಲ್ಲಿ. ನಾನದನ್ನು ಪಾಲಿಸಲು ಹೋದದ್ದು ಅಮೆರಿಕದ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲಿ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ನಮ್ಮದೂ ಹಾಕಿತ್ತು. ಬೆಳಗಿನ ಹೊತ್ತು ಉಪ್ಪಿಟ್ಟು ಕೆದಕುವುದೇ ನನ್ನ ಆಫೀಸಾಗಿತ್ತು.

ಎದುರು ಮನೆಯ ಚೆನ್ ಅಮ್ಮನ ಗಂಡ ತೀರಿಕೊಂಡು ಅಂದಿಗೆ ಏಳನೆಯ ದಿನ. ಡಬ್ಬಿ ಹಿಡಿದು ಬರಿಗಾಲಲ್ಲಿ ಹೋದೆ. ಹೊಸ್ತಿಲ ಮುಂದೆ ತೆಳ್ಳಗೆ ಹಿಟ್ಟು ಹರಡಿತ್ತು. ಪಾಪ, ರಂಗೋಲಿ ಹಾಕಲು ಹೊರಟು ಕೈಸೋತಿರಬೇಕು ಎಂದುಕೊಂಡೆ. ಚೀನಾದವರು ಯಾಕೆ ರಂಗೋಲಿ ಹಾಕುತ್ತಾರೆ, ಅದೂ ಸೂತಕದಲ್ಲಿ, ಎಂದು ಕೇಳಿಕೊಳ್ಳುವ ಬುದ್ಧಿ ಕೆಲಸದ ಜೊತೆಗೇ ಹೋಗಿತ್ತು. ಹಿಟ್ಟು ತುಳಿದು ಬಾಗಿಲು ತಟ್ಟಿದೆ. ಯಾರೂ ತೆಗೆಯಲಿಲ್ಲ. ಡಬ್ಬಿಯೊಂದಿಗೆ ವಾಪಸು ಬಂದೆ.

ಒಂದು ಗಂಟೆಯ ನಂತರ ಚೆನ್ ಅಮ್ಮ ಬಂದು ನನ್ನ ಕೈಹಿಡಿದು ತಮ್ಮ ಹೊಸ್ತಿಲಿಗೆ ಎಳೆದೊಯ್ದರು. ಸತ್ತವರು ಏಳನೆಯ ದಿನ ಮನೆಗೆ ಬಂದು ಹೋಗುತ್ತಾರಂತೆ; ಮನೆಯವರು ಎದುರಿಗೆ ಬೀಳದೆ ಕೋಣೆಯಲ್ಲಿರಬೇಕಂತೆ; ಹಿಟ್ಟಿನಲ್ಲಿ ಹೆಜ್ಜೆ ಮೂಡಿದರೆ ಬಂದದ್ದು ಖಾತ್ರಿಯಂತೆ. ನಲವತ್ತೊಂಬತ್ತು ದಿನದೊಳಗೆ ಇನ್ನೊಂದು ಜನ್ಮಕ್ಕೆ ಹೊರಟುಬಿಡುತ್ತಾರೆ, ಆಮೇಲೆ ಸಿಗುವುದಿಲ್ಲ. ಗಂಡ ಆಸ್ಪತ್ರೆಗೆ ಸೇರಿದ ದಿನವೇ ಇಬ್ಬರೂ ಜಗಳವಾಡಿ ಮಾತು ಬಿಟ್ಟಿದ್ದರು. ಚೆನ್ ಅಮ್ಮನ ಹರಕು ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: “ಸಿಟ್ಟಲ್ಲೇ ಹೋದ್ರು, ಇನ್ನು ಬರಲ್ಲ ಅಂದ್ಕೊಂಡಿದ್ದೆ. ನೋಡಪ್ಪ, ಬಂದಿದ್ರು. ಬಾಗಿಲೂ ತಟ್ಟಿದ್ರು. ಯಾವಾಗ್ಲೂ ಕೀ ಮರೆಯೋರು.”

ಮನೆಗೆ ಬಂದು, ನಿಜ ಹೇಳಿಬಿಡಲೇ ಎಂದು ಹೆಂಡತಿಯನ್ನು ಕೇಳಿದೆ. ಅವಳು ಹಿಟ್ಟಿನಿಂದ ಬಿಳಿಯಾದ ನನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದಳು.

“ಉಪ್ಪಿಟ್ಟು ಕೊಡೋಕೆ ಹೋದೋರು ಗಂಡನ್ನ ಕೊಟ್ಟು ಬಂದಿದ್ದೀರ. ಈಗ ವಾಪಸ್ ಕಿತ್ಕೋಬೇಡಿ. ಕಾಲು ತೊಳ್ಕೊಳ್ಳಿ, ಹೋಗಿ.”

ಚೆನ್ ಅಮ್ಮನಿಗೆ ಉಳಿದದ್ದು ಒಂದೇ ಚಿಂತೆ. ಗಂಡನ ಪಾದ ಪುಟ್ಟದಿತ್ತು, ಈಗ ಇಷ್ಟುದ್ದವಾಗಿದೆ. ನಡೆದೂ ನಡೆದೂ ಊದಿಕೊಂಡಿರಬೇಕು, ಹಳೆಯ ಶೂ ಹಿಡಿಸುವುದಿಲ್ಲ. ಹೆಜ್ಜೆಗೆ ದಾರವಿಟ್ಟು ಅಳತೆ ತೆಗೆದು, ಕಾಗದದಲ್ಲಿ ಶೂ ಮಾಡಿ, ನಲವತ್ತೊಂಬತ್ತನೆಯ ದಿನ ಸುಟ್ಟರು. ಹಾಗೆ ಸುಟ್ಟದ್ದು ಸತ್ತವರಿಗೆ ತಲುಪುತ್ತದಂತೆ. ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದೆ. ಆ ವರ್ಷ ಅರ್ಜಿ ಹಾಕಿದ ಕಡೆಯೆಲ್ಲ ನನಗೆ ಜಾಗವಿಲ್ಲವೆಂದೇ ಹೇಳಿದರು. ನನ್ನ ಅಳತೆಗೆ ಸರಿಯಾಗಿ ಏನಾದರೊಂದು ಸಿದ್ಧವಾಗಿ ಕಾದಿರುವುದು, ಸದ್ಯಕ್ಕೆ, ಆ ಲೋಕದಲ್ಲಿ ಮಾತ್ರ.