ಮಾಲೀಕರ ಕನಸು, ಉಗ್ರಾಣಿಯ ನಿದ್ದೆ

ತೂಕಡಿಸುವವನ ತಲೆ ಮುಂದಕ್ಕೆ ಬೀಳುವುದಕ್ಕೂ ಒಪ್ಪಿಕೊಂಡವನು ತಲೆಯಾಡಿಸುವುದಕ್ಕೂ ದೂರದಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕೊಡೆ ಕಾರ್ಖಾನೆಯ ಉಗ್ರಾಣಿಯ ಗ್ರಹಚಾರ ಅಂದು ಕೆಟ್ಟಿದ್ದು ಅಲ್ಲೇ.

ಕೆಲಸ ಶುರುವಾಗುವ ಮೊದಲು ಮಾಲೀಕರು ಎಲ್ಲರನ್ನೂ ಪ್ಯಾಕಿಂಗ್ ಹಾಲಿನಲ್ಲಿ ಸೇರಿಸಿ, ಕಾರ್ಖಾನೆಯ ಭವಿಷ್ಯದ ಬಗ್ಗೆ ತಾವು ಕಂಡ ಕನಸನ್ನು ಹೇಳತೊಡಗಿದ್ದರು. ಮಗಳ ಕಿವಿನೋವಿನಿಂದಾಗಿ ಕಣ್ಣು ಮುಚ್ಚದೆ ರಾತ್ರಿ ಕಳೆದಿದ್ದ ಉಗ್ರಾಣಿ, ಫ್ಯಾನಿನ ಕೆಳಗೆ ಬೆಂಚು ಸಿಕ್ಕಿದ ಕೂಡಲೇ ತನ್ನದೇ ಬೇರೊಂದು ಕನಸಿಗೆ ಇಳಿದುಬಿಟ್ಟ.

ಎಚ್ಚರವಾದಾಗ ಹಾಲಿನಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಮಾಲೀಕರ ಬೆರಳು ನೆಟ್ಟಗೆ ಅವನ ಮೂಗಿನತ್ತ ಚಾಚಿತ್ತು.

“ಇಷ್ಟು ಜನದಲ್ಲಿ ಇವರೊಬ್ಬರೇ ನನ್ನ ಒಂದೊಂದು ಮಾತಿಗೂ ತಲೆಯಾಡಿಸಿದ್ರು! ನನ್ನ ಕನಸನ್ನ ಕೆಲಸಕ್ಕೆ ಇಳಿಸೋ ಜವಾಬ್ದಾರಿ ಇವರದೇ. ಸಂಜೆ ನನ್ನ ರೂಮಿಗೆ ಬಂದು ಏನೇನು ಶುರುವಾಯ್ತು ಹೇಳ್ಬೇಕು. ಏನಂತೀರಿ?”

ಉಗ್ರಾಣಿ ಏನಂದಾನು? ಈ ಸಲ ಎಚ್ಚರದಲ್ಲೇ ತಲೆಯಾಡಿಸಿದ.

ಹೊರಗೆ ಬರುತ್ತಿದ್ದಂತೆ ಅಕೌಂಟೆಂಟ್ ಅವನ ಹೆಗಲ ಮೇಲೆ ಕೈಹಾಕಿದರು. ಬೇರೆಯವರ ಕಷ್ಟದ ವಾಸನೆ ಅವರಿಗೆ, ಬೆಕ್ಕಿಗೆ ಹಾಲಿನ ವಾಸನೆ ಬಡಿದಷ್ಟೇ ಬೇಗ ಬಡಿಯುತ್ತಿತ್ತು.

“ನಿದ್ದೆ ಹೊಡೀತಿದ್ರಿ ಅಲ್ವಾ?”

“ಮೆಲ್ಲಗೆ ಮಾತಾಡಿ ಸಾರ್!”

“ಹೋದ ವರ್ಷ ಇದೇ ಹಾಲಲ್ಲಿ ಒಬ್ಬ ಆಕಳಿಸಿದ್ದ, ನೆನಪಿದೆಯಾ? ಈಗ ಅವನೆಲ್ಲಿದ್ದಾನೆ ಗೊತ್ತಾ?”

“ಎಲ್ಲಿ?”

“ಅದೇ ನೋಡಿ. ಯಾರಿಗೂ ಗೊತ್ತಿಲ್ಲ.”

ಉಗ್ರಾಣಿ ಅವರ ಕೈ ಹಿಡಿದುಕೊಂಡ. “ಕನಸು ಏನು ಅಂತ ನೀವಾದ್ರೂ ಹೇಳಿ ಸಾರ್.”

“ನಾನು ಹಿಂದುಗಡೆ ಕೂತಿದ್ದೆನಪ್ಪಾ. ‘ಒಟ್ಟಿಗೆ’ ಅನ್ನೋದೊಂದು ಮಾತು ಕಿವಿಗೆ ಬಿತ್ತು. ಯಾರು, ಯಾರ ಒಟ್ಟಿಗೆ, ಅದು ಕೇಳಿಸಲಿಲ್ಲ.”

ಮಾಲೀಕರನ್ನೇ ಕೇಳಿದರೆ ಗುಟ್ಟು ರಟ್ಟು. ಉಗ್ರಾಣಿ ಬಟ್ಟೆ ಕತ್ತರಿಸುವ ಅಕ್ಕನ ಹತ್ತಿರ ಓಡಿದ.

“ಅಕ್ಕಾ, ಮಾಲೀಕರ ಕನಸು ನಿಮಗೆ ಹೇಗೆ ಅರ್ಥ ಆಯ್ತು?”

“ಆಕಾಶ ಮುಟ್ಟೋದು ಅಂತೇನೋ ಅಂದ್ರು. ಆಕಾಶ ಹಾಗಿರ್ಲಿ, ನನ್ನ ಮೇಜಿನ ಮೇಲೆ ಒಂದು ದೀಪ ಇಲ್ಲ. ಗೆರೆ ಕಾಣದೆ ಬಟ್ಟೆ ಓರೆ ಆಗುತ್ತೆ.”

ದೀಪಗಳು ಉಗ್ರಾಣದಲ್ಲೇ ಧೂಳು ತಿನ್ನುತ್ತಿದ್ದವು. ಹೆದರಿಕೆಯಲ್ಲಿದ್ದವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದನ್ನು ತಂದು ತಾನೇ ತೂಗುಹಾಕಿದ.

ಅದೇ ಪ್ರಶ್ನೆಗೆ ಹೊಲಿಗೆಯಮ್ಮ ತಲೆಯೆತ್ತದೆ ಹೇಳಿದಳು: “ನಾವೆಲ್ಲ ಒಂದೇ ಕುಟುಂಬ ಅಂದ್ರಪ್ಪ. ಕುಟುಂಬ ಆಗಿದ್ರೆ ಓರೆ ಬಟ್ಟೆನೆಲ್ಲ ನನ್ನ ತಲೆಗೇ ಯಾಕೆ ಕಟ್ತಾರೆ?”

ಕಡ್ಡಿ ಕೂಡಿಸುವ ಮೇಸ್ತ್ರಿಗೆ ಕೇಳಿಸಿದ್ದು ಸಮುದ್ರ. “ಸಮುದ್ರಾನೇ ದಾಟ್ತೀವಂತೆ! ಇವಳು ಹೀಗೆ ಬಿಗಿಯಾಗಿ ಹೊಲಿದ್ರೆ ಕೊಡೆ ಬಾಗಿಲೂ ದಾಟಲ್ಲ. ಬಿಚ್ಚಿದ ಕೂಡಲೇ ಕಡ್ಡಿ ಬಾಗುತ್ತೆ.”

“ಅದನ್ನ ಅವರಿಗೆ ಹೇಳಬಾರದಾ?”

“ನಾವು ಮಾತು ಬಿಟ್ಟು ವರ್ಷವಾಯ್ತು.”

ಆಕಾಶ, ಕುಟುಂಬ, ಸಮುದ್ರ. ಉಗ್ರಾಣಿಗೆ ಕಣ್ಣು ಕತ್ತಲೆ ಬಂತು. ಗಡಿಯಾರ ನೋಡಿದರೆ ಅದು ಅವನ ಮೇಲೆ ಹಗೆ ಇದ್ದ ಹಾಗೆ ಓಡುತ್ತಿತ್ತು. ಬೇರೆ ದಾರಿ ಕಾಣದೆ ಒಂದು ಸುಳ್ಳು ಬಿಟ್ಟ:

“ಮಾಲೀಕರ ಕನಸು ಏನು ಗೊತ್ತಾ? ಕತ್ತರಿಸೋರು, ಹೊಲಿಯೋರು, ಕೂಡಿಸೋರು ದಿನಾ ಒಂದು ಸಲ ಒಂದೇ ಮೇಜಿಗೆ ಬರಬೇಕು. ಕೆಟ್ಟ ಕೊಡೆಯನ್ನ ನಡುವೆ ಇಟ್ಕೊಂಡು, ಎಲ್ಲಿ ಕೆಟ್ಟಿತು ನೋಡಬೇಕು. ಬೈಯೋ ಹಾಗಿಲ್ಲ.”

“ಹಾಗಂದ್ರಾ?” ಮೇಸ್ತ್ರಿ ಹುಬ್ಬೇರಿಸಿದ. “ಅಷ್ಟು ಸರಿಯಾದ ಮಾತು ಅವರ ಬಾಯಲ್ಲಿ ಬಂತಾ?”

ಮೂವರೂ ಬಂದರು. ಬೈಯುವ ಹಾಗಿಲ್ಲ ಎಂದಿದ್ದರೂ ಮೊದಲು ಬೈದಾಡಿದರು. ಯಂತ್ರಗಳ ಸದ್ದಿಗೆ ಬೈಗುಳವೂ ಸರಿಯಾಗಿ ಕೇಳಿಸಲಿಲ್ಲ. “ಒಂದು ಗಳಿಗೆ ಯಂತ್ರ ನಿಲ್ಲಿಸ್ರಪ್ಪಾ!” ಎಂದು ಉಗ್ರಾಣಿ ಕೂಗಿದ. ಓರೆ ಬಟ್ಟೆ ಸಾಲದೆ ಬಂದಾಗ ಎಳೆದು ಬಿಗಿಯಾಗಿ ಹೊಲಿಯಬೇಕಾಗುತ್ತದೆಂದು ಹೊಲಿಗೆಯಮ್ಮ ತೋರಿಸಿದಳು. ಕೈಬೆರಳಷ್ಟು ಬಟ್ಟೆ ಹೆಚ್ಚು ಬಿಟ್ಟು ಕತ್ತರಿಸುವುದೆಂದು ಅಕ್ಕ ಒಪ್ಪಿದಳು. ಹೊಲಿಗೆಯಮ್ಮ ಒಂದು ಕೊಡೆ ಹೊಸದಾಗಿ ಹೊಲಿದು, ಯಾರ ಮುಖವನ್ನೂ ನೋಡದೆ ಮೇಸ್ತ್ರಿಯ ಕಡೆಗೆ ತಳ್ಳಿದಳು. ಅವನು ಕಡ್ಡಿ ಕೂಡಿಸಿ ಬಿಚ್ಚಿದ. ಟಪ್ಪೆಂದು ಅರಳಿ ನಿಂತಿತು. ಹೊಲಿಗೆಯಮ್ಮ ನಕ್ಕಿದ್ದನ್ನು ಅಲ್ಲಿದ್ದವರು ಮೊದಲ ಸಲ ನೋಡಿದರು.

ಅಷ್ಟರಲ್ಲಿ ಅಕೌಂಟೆಂಟ್ ಏದುಸಿರು ಬಿಡುತ್ತ ಬಂದರು. “ಯಂತ್ರ ಯಾರ್ರೀ ನಿಲ್ಲಿಸಿದ್ದು? ಇಡೀ ಕಾರ್ಖಾನೆ ಸ್ಮಶಾನದ ಹಾಗಿದೆ! ಸಂಜೆವರೆಗೂ ಕಾಯೋದು ಬೇಡ, ನೀವು ಈಗಲೇ ಮಾಲೀಕರ ರೂಮಿಗೆ ಬರಬೇಕಂತೆ.”

ಉಗ್ರಾಣಿ ಒಂದೊಂದೇ ಮೆಟ್ಟಿಲು ಹತ್ತಿದ. ಹೆಂಡತಿಗೆ ಹೇಗೆ ಹೇಳುವುದು, ಮಗಳ ಔಷಧಿಗೆ ಏನು ಮಾಡುವುದು, ಎಲ್ಲ ಆ ಮೆಟ್ಟಿಲುಗಳ ಮೇಲೇ ಯೋಚಿಸಿ ಮುಗಿಸಿದ.

ಮಾಲೀಕರ ಮುಖ ಸುಣ್ಣದ ಹಾಗಿತ್ತು. “ಬಾಗಿಲು ಹಾಕಿ. ನಿಜ ಹೇಳಿ. ಬೆಳಿಗ್ಗೆ ನಾನು ಏನು ಹೇಳಿದೆ?”

ಉಗ್ರಾಣಿ ಕೈಮುಗಿದ. “ತಪ್ಪಾಯ್ತು ಸಾರ್. ನಿದ್ದೆ ಹೋಗಿದ್ದೆ.”

ಮಾಲೀಕರು ಕುರ್ಚಿಯಲ್ಲಿ ಕುಸಿದರು. “ಅಯ್ಯೋ, ನಿಮ್ಮೊಬ್ಬರನ್ನೇ ನಂಬಿದ್ನಲ್ರೀ! ಯಾರೋ ಬರೆದುಕೊಟ್ಟಿದ್ದು, ಬಾಯಿಪಾಠ ಮಾಡಿ ಒಪ್ಪಿಸಿದೆ, ಮರೆತೆ. ಅಮ್ಮ ಬಂದಿದ್ದಾರೆ, ಕೆಳಗೆ ಓಡಾಡ್ತಿದ್ದಾರೆ. ಕನಸು ಎಲ್ಲಿಗೆ ಬಂತು ಅಂತ ಕೇಳಿದ್ರೆ ಏನು ಹೇಳ್ಲಿ?”

ಕಾರ್ಖಾನೆ ಕಟ್ಟಿದವರೇ ಆ ಅಮ್ಮ. ಮಾತು ಮುಗಿಯುವ ಮೊದಲೇ ಬಾಗಿಲು ತೆರೆದುಕೊಂಡಿತು. ಮಾಲೀಕರು ಎದ್ದು ನಿಂತರು. ಇಬ್ಬರೂ ಒಟ್ಟಿಗೆ ಕೈಮುಗಿದರು.

“ಹೊಲಿಗೆಯವಳೂ ಮೇಸ್ತ್ರೀನೂ ಮಾತಾಡ್ತಿದ್ದಾರೆ!” ಎಂದರು ಅಮ್ಮ. “ನನ್ನ ಕೈಲೇ ಆಗದ ಕೆಲಸ. ಯಾರು ಮಾಡಿದ್ದು?”

ಮಾಲೀಕರ ಕಣ್ಣು ಅವನನ್ನು ಬೇಡುತ್ತಿತ್ತು. “ಎಲ್ಲಾ ಮಾಲೀಕರ ಕನಸೇ ಅಮ್ಮಾ,” ಎಂದ ಉಗ್ರಾಣಿ.

“ಇವನ ಕನಸು ನನಗೆ ಗೊತ್ತಿಲ್ವಾ? ಮೇಜಿಂದ ಮೇಜಿಗೆ ಓಡಾಡಿದ್ದು ನೀನು ಅಂತ ಕೆಳಗೆ ಎಲ್ಲರೂ ಹೇಳಿದ್ರು. ಇಲ್ಲಿ ಮೂವರು ಒಂದು ಮೇಜಿಗೆ ಬಂದಾಯ್ತು. ದಿನಾ ಕೂರೋ ಹಾಗೆ ನಾನು ನೋಡ್ಕೋತೀನಿ.”

ಉಗ್ರಾಣಿಗೆ ಬೆಳಗಿನಿಂದ ಮೊದಲ ಸಲ ಸರಿಯಾಗಿ ಉಸಿರು ಬಂತು.

“ನೀನು ನಾಳೆಯಿಂದ ನನ್ನ ದೊಡ್ಡ ಮಗನ ಕಾರ್ಖಾನೆಗೆ ಹೋಗು. ಅವನಿಗೆ ಇವನಿಗಿಂತ ದೊಡ್ಡ ಕನಸಿದೆ.”

“ಆಗ್ಲಿ ಅಮ್ಮಾ. ಅಲ್ಲಿ ಏನು ತಯಾರಾಗುತ್ತೆ?”

ಅಮ್ಮ ನಿಟ್ಟುಸಿರು ಬಿಟ್ಟರು. “ಕಟ್ಟಡ ಇದೆ, ಯಂತ್ರ ಇದೆ, ಜನರೂ ಬಂದು ಕೂತಿದ್ದಾರೆ. ಏನು ತಯಾರು ಮಾಡ್ಬೇಕು ಅನ್ನೋದನ್ನ ಮಾತ್ರ ಅವನಿನ್ನೂ ಯೋಚಿಸ್ತಿದ್ದಾನಪ್ಪಾ. ನೀನು ಹೋಗಿ ಶುರು ಮಾಡಿಸಿಬಿಡು.”