ಅಂದಾಜಿನ ಕಣ್ಣು

ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಕಣ್ಣು ತಪಾಸಣೆಯ ಶಿಬಿರದಿಂದ ಶಿಬಿರಕ್ಕೆ ತಿರುಗಿ ಜನರಿಂದ ಅಕ್ಷರದ ಬೋರ್ಡು ಓದಿಸುವುದು ನನ್ನ ಕೆಲಸ. ಜನ ಅದನ್ನು ಕಣ್ಣಿನಿಂದ ಓದುವುದಿಲ್ಲ, ಸ್ವಭಾವದಿಂದ ಓದುತ್ತಾರೆ. ಹಾಗಾಗಿ ನಗು ಬರದ ದಿನವೇ ಇಲ್ಲ.

೧. ಮೇಷ್ಟರು

ಹೊಸನಗರದ ಶಿಬಿರಕ್ಕೆ ನಿವೃತ್ತ ಗಣಿತದ ಮೇಷ್ಟರೊಬ್ಬರು ಹೆಂಡತಿಯ ಜೊತೆ ಬಂದರು. ಬೋರ್ಡಿನ ಮೂರನೇ ಸಾಲಿಗೆ ಬಂದು ಓದುವುದನ್ನು ನಿಲ್ಲಿಸಿಬಿಟ್ಟರು. ತೋಚಿದ್ದು ಹೇಳಿ ಎಂದೆ. ಅಂದಾಜಿಗೆ ಉತ್ತರ ಬರೆದ ಮಕ್ಕಳ ಕಿವಿಯನ್ನು ಸರ್ವೀಸ್ ಪೂರ್ತಿ ಹಿಂಡಿದವನು ನಾನು, ಈಗ ನನ್ನ ಕಿವಿ ಯಾರು ಹಿಂಡಬೇಕು ಎಂದರು. ದೃಷ್ಟಿ ಕಡಿಮೆ ಎಂದು ಬರೆದು ಡಾಕ್ಟರ ಹತ್ತಿರ ಕಳಿಸಿದೆ. ಡಾಕ್ಟರು ಎಲ್ಲ ನೋಡಿ ವಾಪಸ್ ಕಳಿಸಿದರು. ಇವರ ಕಣ್ಣು ಸರಿಯಾಗಿದೆ, ಬೇಕಾದದ್ದು ಸ್ವಲ್ಪ ಧೈರ್ಯ ಅಂತೆ.

೨. ಮೇಷ್ಟರ ಹೆಂಡತಿ

ಆಮೇಲೆ ಕೂತವರು ಅವರ ಹೆಂಡತಿ. ಹಲಸಿನಹಣ್ಣು ತಟ್ಟಿ ಒಳಗೆಷ್ಟು ತೊಳೆ ಎಂದು ಹೇಳುವವರು. ಉಸಿರು ಬಿಡದೆ ಕೊನೇ ಸಾಲಿನ ತನಕ ಓದಿದರು. ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಾದರೆ ಪಾಸು. ಅವರು ಎಲ್ಲದರಲ್ಲೂ ಪಾಸು.

ನಿಜವಾಗಿ ಕಾಣ್ತದಾ ಎಂದು ಕೇಳಿದೆ.

"ಮಸುಕಾಗಿ ಕಂಡ್ರೂ ಸಾಕು ತಮ್ಮ, ಉಳಿದದ್ದು ನಾವೇ ತುಂಬ್ಕೋಬೇಕು."

ನಕ್ಕು 'ದೃಷ್ಟಿ ಉತ್ತಮ' ಎಂದು ಬರೆದೆ. ಬೋರ್ಡು ಪಾಸಾದವರನ್ನು ಡಾಕ್ಟರ ಹತ್ತಿರ ಕಳಿಸುವ ಪದ್ಧತಿ ಇಲ್ಲ. ಹೋಗುವಾಗ ಅವರು ಗಂಡನಿಗೆ ಬುದ್ಧಿ ಹೇಳಿದರು: ಮುಂದಿನ ಸಲ ನನ್ನ ಪಕ್ಕ ಕೂತ್ಕೊಳ್ಳಿ, ಹೇಳಿಕೊಡ್ತೀನಿ.

೩. ಇಬ್ಬರೂ

ಎರಡು ವರ್ಷ ಕಳೆದು ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ನಡೆದ ಶಿಬಿರಕ್ಕೆ ಇಬ್ಬರೂ ಬಂದರು. ಒಲೆಯ ಮೇಲಿನ ಪಾತ್ರೆಗೆ ಅಂದಾಜಿನಲ್ಲಿ ಕೈ ಹಾಕಿ ಆ ತಾಯಿ ಅಂಗೈ ಸುಟ್ಟುಕೊಂಡಿದ್ದರು. ಈ ಸಲ ನಾನೇ ಹೇಳಿದೆ, ಖಚಿತವಾಗಿ ಕಂಡದ್ದು ಮಾತ್ರ ಹೇಳಿ ಅಂತ. ಮೇಲಿನ ಒಂದು ದೊಡ್ಡ ಅಕ್ಷರ ಮಾತ್ರ ಹೇಳಿದರು.

"ಅಷ್ಟೇ ತಮ್ಮ. ಆವತ್ತೂ ಅರ್ಧ ನಾನೇ ತುಂಬ್ಕೊಂಡು ಹೇಳಿದ್ದು."

ಆವತ್ತು ನಾನು ನಗದೆ ಇನ್ನೊಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಡಾಕ್ಟರು ಬಾಗಿಲ ಹೊರಗೆ ಮೇಷ್ಟರಿಗೆ ಮೆಲ್ಲಗೆ ಹೇಳಿದರು. ಕಣ್ಣಿನ ಒತ್ತಡದಿಂದ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು. ಮೇಷ್ಟರು ಬಂದು ಹೆಂಡತಿಯ ಪಕ್ಕ ಬೆಂಚಿನಲ್ಲಿ ಕೂತರು. ಡಾಕ್ಟರು ಎಂತ ಅಂದ್ರು ಎಂದು ಆಕೆ ಕೇಳಿದರು.

"ಸರಿ ಹೋಗ್ತದಂತೆ."

ಆಕೆ ತಡಕಾಡಿ ಗಂಡನ ಕೈ ಹಿಡಿದುಕೊಂಡರು.

"ಅಂದಾಜಿಗೆ ಹೇಳೋದು ನನ್ನ ಕೆಲ್ಸ. ನಿಮಗೆ ಬರಲ್ಲ, ಬಿಡಿ."